ಅಂಬುತೀರ್ಥದ ಹಸಿರು ನಾರು

ಹೊಸನಗರ
೯ ನವೆಂಬರ್ ೧೯೮೫

ಪ್ರೀತಿಯ ಅಪ್ಪಯ್ಯನಿಗೆ,

ಬಸ್ಸಿಳಿದ ಕೂಡಲೇ ಕಾಗದ ಹಾಕುತ್ತೇನೆ ಎಂದವಳು ವಾರ ತಡಮಾಡಿದೆ. ನಾನು ಚೆನ್ನಾಗಿದ್ದೇನೆ. ನನ್ನ ಚಪ್ಪಲಿ ಚೆನ್ನಾಗಿಲ್ಲ. ಎಡಗಾಲಿನದನ್ನು ಶರಾವತಿ ಇಟ್ಟುಕೊಂಡಳು.

ಮೂಕಮ್ಮನವರ ಮನೆಯ ಮುಂಗೋಣೆಯಲ್ಲಿ ನನ್ನ ವಾಸ. ಅವರು ಮಾತಾಡುತ್ತಾರೆ, ನಾನು ತಲೆಯಾಡಿಸುತ್ತೇನೆ. ಇಬ್ಬರಿಗೂ ಅನುಕೂಲವಾಗಿದೆ. ಮೊದಲ ದಿನ ನಾನು ಸೇತುವೆಯ ಕೆಳಗೆ ಮೊಣಕಾಲು ನೀರಿನಲ್ಲಿ ಬಲೆ ಹಿಡಿದು ನಿಂತಿದ್ದಾಗ ಅವರು ಬಟ್ಟೆ ಒಗೆಯಲು ಬಂದಿದ್ದರು. "ಎಂತದೇ ಹುಡ್ಗಿ, ಹೊಳೇಲಿ ಜರಡಿ ಹಿಡ್ಕಂಡು ಎಂತ ಹುಡುಕ್ತೀಯೆ? ಮೂಗುಬಟ್ಟು ಬಿದ್ದು ಹೋತಾ?" ಎಂದು ದಡದಿಂದಲೇ ಕೂಗಿದರು. ಒಗೆಯುತ್ತಿದ್ದವರೆಲ್ಲ ನಕ್ಕರು. ನಾನು ನೀರನ್ನೇ ನೋಡುತ್ತಾ ನಿಂತೆ.

ಕನ್ನಡ ಎಂ.ಎ. ಮಾಡಿದವಳಿಗೆ ಹೊಳೆಯಲ್ಲೇನು ಕೆಲಸ ಎಂದು ನೀವೂ ಕೇಳಿದ್ದಿರಿ. ಆಗ ಉತ್ತರ ಕೊಡಲಿಲ್ಲ. ಕಾಗದದಲ್ಲಾದರೆ ನನಗೆ ಮಾತು ಬರುತ್ತದೆ, ಕೇಳಿ. ನನಗೆ ಈ ಕೆಲಸ ಕೊಟ್ಟ ಚಂದ್ರಯ್ಯ ಮೇಷ್ಟ್ರು ತೀರ್ಥಹಳ್ಳಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಪರದೇಶದಲ್ಲಿ ಯಾರೋ ಕಡಲ ನೀರನ್ನು ಸೋಸಿದಾಗ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚೂರುಗಳು ಸಿಕ್ಕವಂತೆ. ಅದನ್ನು ಓದಿದ ಮೇಲೆ ಮೇಷ್ಟ್ರಿಗೆ ನಮ್ಮ ಹೊಳೆಯನ್ನೂ ಸೋಸಿ ನೋಡುವ ಆಸೆ ಹುಟ್ಟಿದೆ. ಎಂತದರ ಚೂರು ಎಂದು ಹೇಳಿದರೆ ನಗಬಾರದು. ಪ್ಲಾಸ್ಟಿಕ್ಕಿನದು.

ಬಲೆ ರೇಷ್ಮೆಯದು, ಕಾಫಿ ಸೋಸುವ ಚೀಲದ ಹಾಗಿದೆ. ಅದರ ತುದಿಗೆ ಗಾಜಿನ ಸೀಸೆ. ಸೀಸೆಯಲ್ಲಿ ಉಳಿದದ್ದನ್ನು ಮನೆಗೆ ತಂದು ಬಟ್ಟಲಿಗೆ ಸುರಿದು ಮಸೂರದಲ್ಲಿ ನೋಡಬೇಕು. ಪ್ರತಿ ಸೀಸೆಯ ಕೊರಳಿಗೂ ಒಂದು ಚೀಟಿ: ಜಾಗ, ತಾರೀಕು, ಬಲೆ ಹಿಡಿದವರು. ಶಾಯಿ ನೀರಿಗೆ ಕದಡುತ್ತದೆಂದು ಪೆನ್ಸಿಲಿನಲ್ಲಿ ಬರೆಯುತ್ತೇವೆ. 'ಬಲೆ ಹಿಡಿದವರು: ಪುಷ್ಪಾ' ಎಂದು ಮೊದಲ ಸಲ ಬರೆದ ದಿನ ಆ ಚೀಟಿಯನ್ನೇ ಬಹಳ ಹೊತ್ತು ನೋಡಿದೆ.

ಮಾರ್ಚಿನಲ್ಲಿ ಮೇಷ್ಟ್ರು ಮೈಸೂರಿನ ಒಂದು ಸಭೆಯಲ್ಲಿ ಪ್ರಬಂಧ ಓದುತ್ತಾರೆ. ಅಲ್ಲಿ ಒಪ್ಪಿಗೆಯಾದರೆ ಮುಂದಿನ ವರ್ಷವೂ ಈ ಕೆಲಸವಿದೆ. ಇಲ್ಲವಾದರೆ ನಿಮ್ಮ ಅಂಗಡಿಯ ಗಲ್ಲಾದ ಹಿಂದೆ ನನಗೊಂದು ಸ್ಟೂಲು ಹಾಕಿಸಿ. ಗಿರಾಕಿಗಳೆದುರು ನಾನು ಹೇಗೆ ತೊದಲುತ್ತೇನೆಂಬುದು ನಿಮಗೆ ಗೊತ್ತಿದೆ. ಆದ್ದರಿಂದ ನಮ್ಮಿಬ್ಬರ ಒಳ್ಳೆಯದಕ್ಕೂ ಹೊಳೆಯಲ್ಲಿ ಏನಾದರೂ ಸಿಗಲಿ.

ನಿಮ್ಮ ಮಗಳು
ಪುಷ್ಪಾ

*

ಸಾಗರ
೧೭ ನವೆಂಬರ್ ೧೯೮೫

ಮಗಳು ಪುಷ್ಪಾಗೆ,

ನಿನ್ನ ಕಾಗದ ಬಂತು. ಅವ್ವನಿಗೂ ಓದಿ ಹೇಳಿದೆ. ಚಪ್ಪಲಿಯ ವಿಷಯಕ್ಕೆ ಅವಳು ಬೈದಳು, ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಅಲ್ಲ ಕಣೇ, ಪ್ಲಾಸ್ಟಿಕ್ ಬೇಕಾದರೆ ಹೊಳೆಗೆ ಯಾಕೆ ಇಳೀಬೇಕು? ಸೀದಾ ಅಂಗಡಿಗೆ ಬಂದಿದ್ದರೆ ಆಗುತ್ತಿತ್ತಲ್ಲ! ನಿನ್ನ ಮೇಷ್ಟ್ರಿಗೆ ಹೇಳು, ಸಾಗರದ ಪೇಟೆಯಲ್ಲಿ ನವನವೀನ ಪ್ಲಾಸ್ಟಿಕ್ ಸ್ಟೋರ್ಸ್ ಅಂತ ಒಂದಿದೆ, ಅಲ್ಲಿ ಎಲ್ಲಾ ಅಳತೆಯ ಚೂರೂ ಸಿಗುತ್ತದೆ ಅಂತ.

ತಮಾಷೆಗೆ ಬರೆದೆ. ಬೇಜಾರು ಮಾಡಿಕೊಳ್ಳಬೇಡ. ನಾನು ಬುಟ್ಟಿ ಹೊತ್ತು ಸಂತೆ ಸಂತೆ ತಿರುಗಿದವನು. ಪ್ಲಾಸ್ಟಿಕ್ ಬಂದ ಮೇಲೆ ನನಗೊಂದು ಬಾಗಿಲಿರುವ ಅಂಗಡಿಯಾಯಿತು, ನಿನ್ನ ಎಂ.ಎ. ಆಯಿತು. ತುಮರಿ ಕಡೆಯ ಹೆಂಗಸರು ಲಾಂಚಿನಲ್ಲಿ ಹಿನ್ನೀರು ದಾಟಿ ಬಂದು ಹಳದಿ ಕೊಡವನ್ನೇ ಕೇಳುತ್ತಾರೆ. ತಾಮ್ರದ ಕೊಡ ಹೊತ್ತ ಸೊಂಟಕ್ಕೆ ಅದರ ಬೆಲೆ ಗೊತ್ತು.

ಸೀಸೆ ಬಟ್ಟಲು ತೊಳೆಯುವ ಕೆಲಸ ನಿನಗೆ ಬಹಳ ಇರಬೇಕು. ಬಸ್ ಕಂಡಕ್ಟರ್ ವಾಸಪ್ಪನ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಪಾತ್ರೆ ಉಜ್ಜುವ ಹೊಸ ನಮೂನೆ ನಾರು, ಪೂರಾ ಪ್ಲಾಸ್ಟಿಕ್, ಹಸಿರು ಬಣ್ಣ. ಕೊಳೆಯುವುದಿಲ್ಲ, ವಾಸನೆ ಬರುವುದಿಲ್ಲ, ಉಗುರಿನ ಸಂದಿಗೆ ಹೋಗುವುದಿಲ್ಲ. ಪೇಟೆಯಲ್ಲಿ ಮೊದಲು ತರಿಸಿದವನು ನಾನೇ. ನಿನ್ನ ಮೂಕಮ್ಮನಿಗೂ ಒಂದು ಕೊಡು.

ನಿನ್ನ ಅಪ್ಪಯ್ಯ
ಭೂತಪ್ಪ, ಪ್ರೊಪ್ರೈಟರ್

(ಅಭ್ಯಾಸಬಲದಿಂದ ಹಾಗೆ ಬರೆದುಬಿಟ್ಟೆ. ಅಳಿಸುವುದಿಲ್ಲ.)

*

ಹೊಸನಗರ
೮ ಡಿಸೆಂಬರ್ ೧೯೮೫

ಪ್ರೀತಿಯ ಅಪ್ಪಯ್ಯನಿಗೆ,

ಪೊಟ್ಟಣ ಸೇರಿತು. ವಾಸಪ್ಪನವರು ಬಸ್ಸಿನ ಕಿಟಕಿಯಿಂದ ನನ್ನ ಹೆಸರನ್ನು ಎಷ್ಟು ಜೋರಾಗಿ ಕೂಗಿದರೆಂದರೆ ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ನಾನು ಪರಿಚಯವಾದೆ. ಮೂಕಮ್ಮ ತಮ್ಮ ಪಾಲಿನ ನಾರನ್ನು ತಿರುಗಿಸಿ ಮುರುಗಿಸಿ ನೋಡಿ ದೇವರ ಗೂಡಿನ ಪಕ್ಕ ಇಟ್ಟರು. "ಇಷ್ಟು ಚಂದದ್ರಲ್ಲಿ ಮಸಿ ಪಾತ್ರೆ ತಿಕ್ಕದಾ?" ಎಂದು ತೆಂಗಿನ ನಾರನ್ನೇ ಹಿಡಿದುಕೊಂಡು ಕೂತರು. ನಾನು ಮಾತ್ರ ನಿಮ್ಮದರಲ್ಲೇ ಸೀಸೆ, ಬಟ್ಟಲು ಎಲ್ಲವನ್ನೂ ಫಳಫಳ ತೊಳೆಯುತ್ತಿದ್ದೇನೆ.

ಈಗ ನಿಜವಾದ ಸುದ್ದಿ. ಸಿಕ್ಕಿತು, ಅಪ್ಪಯ್ಯ! ಕಳೆದ ಎರಡು ವಾರದ ಸೀಸೆಗಳಲ್ಲಿ ಹಸಿರು ಎಳೆಗಳು ಕಂಡಿವೆ, ರೆಪ್ಪೆಯ ಕೂದಲಿಗಿಂತ ಸಣ್ಣವು. ನಾನು ಮೊದಲು ಪಾಚಿ ಎಂದುಕೊಂಡೆ. ಮೇಷ್ಟ್ರು ಭಾನುವಾರ ಬಂದವರು ಸೂಜಿಯನ್ನು ದೀಪಕ್ಕೆ ಹಿಡಿದು ಕಾಯಿಸಿ ಎಳೆಗೆ ಮುಟ್ಟಿಸಿದರು. ಪಾಚಿಯಾದರೆ ಸುಟ್ಟು ಬೂದಿಯಾಗುತ್ತದೆ. ಇದು ಕರಗಿ ಮುದುಡಿ ಸಣ್ಣ ಗುಂಡಾಯಿತು. ಮೇಷ್ಟ್ರು ಎದ್ದು ನಿಂತು ಪಂಚೆ ಎತ್ತಿ ಕಟ್ಟಿದರು. ಕುಣಿಯುತ್ತಾರೇನೋ ಎಂದು ಹೆದರಿದೆ. ಕುಣಿಯಲಿಲ್ಲ. "ಪ್ಲಾಸ್ಟಿಕ್ಕೇ ಮಾರಾಯ್ತಿ! ಕಡಲಿನವ್ರಿಗೆ ಸಿಕ್ಕಿದ್ಕಿಂತ ಜಾಸ್ತಿ ಅದೆ!" ಎಂದು ಮೂಕಮ್ಮ ತಂದಿಟ್ಟ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡರು.

ಅಂದಿನಿಂದ ನನಗೆ ಹೊಳೆ ಬೇರೆ ಥರ ಕಾಣುತ್ತಿದೆ. ಮೊದಲೆಲ್ಲ ನೀರು, ಬಂಡೆ, ಮಿಂಚುಳ್ಳಿ ಕಾಣುತ್ತಿದ್ದವು. ಈಗ ಕಾಣದಿರುವುದೇ ಕಾಣುತ್ತದೆ. ಇಷ್ಟೊಂದು ಹಸಿರು ಎಲ್ಲಿಂದ ಬರುತ್ತದೆಂದು ತಿಳಿಯಲು ಮೇಲಕ್ಕೆ ಹೋಗುತ್ತಾ ಹೋಗುತ್ತಾ ಕೊನೆಗೆ ಹೊಳೆ ಹುಟ್ಟುವ ಅಂಬುತೀರ್ಥದವರೆಗೂ ನೀರು ಹಿಡಿಯಬೇಕಂತೆ.

ಅವ್ವನಿಗೆ ಹೇಳಿ, ಹೊಸ ಚಪ್ಪಲಿ ತಗೊಂಡೆ.

ನಿಮ್ಮ
ಪುಷ್ಪಾ

*

ಸಾಗರ
೨೦ ಡಿಸೆಂಬರ್ ೧೯೮೫

ಮಗಳು ಪುಷ್ಪಾಗೆ,

ಶಹಬ್ಬಾಸ್! ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿದ್ದೇನೆ. ತುಮರಿಯ ಜಟ್ಟಿಂಗಪ್ಪ ಬಕೆಟ್ಟು ಕೊಳ್ಳಲು ಬಂದವನು ಪೂರ್ತಿ ಕೇಳಿಸಿಕೊಂಡು, "ಹಂಗಾರೆ ನಿನ್ ಮಗ್ಳು ನಿನ್ ವ್ಯಾಪಾರದ ಮೇಲೆ ಸಿ.ಐ.ಡಿ. ಬಿಟ್ಟಂಗಾತು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನಿಗೆ ಬಕೆಟ್ಟಿನ ಬೆಲೆಯಲ್ಲಿ ಒಂದು ಕಾಸೂ ಬಿಡಲಿಲ್ಲ, ಅದು ಬೇರೆ ಮಾತು.

ನಿನ್ನ ಮೇಷ್ಟ್ರು ಆ ಹಸಿರಿನ ಮೂಲ ಹುಡುಕಲಿ, ನಮ್ಮದೇನೂ ಅಡ್ಡಿಯಿಲ್ಲ. ನನ್ನ ಸಾಮಾನು ಗಟ್ಟಿ. ಚೂರಾಗುವಂಥದ್ದನ್ನು ಭೂತಪ್ಪ ಮಾರುವುದಿಲ್ಲ, ಇದನ್ನು ಪ್ರಬಂಧದಲ್ಲೂ ಹಾಕಬಹುದು. ಮೈಸೂರಿನಲ್ಲಿ ನಿನ್ನ ಹೆಸರನ್ನೂ ಓದುತ್ತಾರೋ ಕೇಳು. ಓದುವುದಾದರೆ ನಾನು ಅಂಗಡಿ ಮುಚ್ಚಿ ಬರುತ್ತೇನೆ.

ನಾರು ಸವೆದಿದ್ದರೆ ತಿಳಿಸು. ಸ್ಟಾಕ್ ಇದೆ.

ನಿನ್ನ ಅಪ್ಪಯ್ಯ
ಭೂತಪ್ಪ, ಪ್ರೊಪ್ರೈಟರ್

*

ಹೊಸನಗರ
೧೯ ಜನವರಿ ೧೯೮೬

ಪ್ರೀತಿಯ ಅಪ್ಪಯ್ಯನಿಗೆ,

ಅಂಬುತೀರ್ಥಕ್ಕೆ ಹೋಗಿ ಬಂದೆವು. ದಾರಿಯಲ್ಲಿ ಚಳಿಯಿತ್ತು. ಅಲ್ಲಿನ ನೀರು ಬಹಳ ತಿಳಿಯಾಗಿದೆ.

ಮನೆಯಲ್ಲಿ ತೆಂಗಿನ ನಾರು ಇದ್ದರೆ ವಾಸಪ್ಪನವರ ಕೈಯಲ್ಲಿ ಸ್ವಲ್ಪ ಕಳಿಸಿ. ಮೂಕಮ್ಮನವರದನ್ನು ದಿನಾ ಕೇಳಲು ಸಂಕೋಚ.

ಉಳಿದಂತೆ ವಿಶೇಷವಿಲ್ಲ.

ನಿಮ್ಮ
ಪುಷ್ಪಾ

*

ಸಾಗರ
೨೭ ಜನವರಿ ೧೯೮೬

ಪುಷ್ಪಾಗೆ,

ತೆಂಗಿನ ನಾರು ಕಳಿಸಿದ್ದೇನೆ. ನನ್ನ ಹತ್ತಿರ ಇರಲಿಲ್ಲ. ಎದುರುಸಾಲಿನ ಅಂಗಡಿಯಲ್ಲಿ ಕೊಂಡೆ. ಭೂತಪ್ಪ ತೆಂಗಿನ ನಾರು ಕೊಳ್ಳುವುದನ್ನು ಇಡೀ ಪೇಟೆ ನೋಡಿತು. "ಎಂತ ಭೂತಪ್ಪ, ನಿನ್ ಅಂಗ್ಡೀದು ನಿಂಗೇ ಹಿಡಿಸ್ಲಿಲ್ವಾ?" ಅಂದರು. ಎಮ್ಮೆ ತೊಳೆಯೋಕೆ ಅಂದೆ. ನಮಗೆ ಎಮ್ಮೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು.

ಹಸಿರು ಬಣ್ಣ ಹಿಡಿಸದಿದ್ದರೆ ಕೆಂಪು ಇದೆ, ನೀಲಿ ಇದೆ. ಕೈಗೆ ಒರಟಾಯಿತೆ? ಮೆತ್ತಗಿನದು ಶಿವಮೊಗ್ಗೆಯಿಂದ ಬರುವುದಿದೆ. ಏನಾಯಿತು ಎಂದು ಬರೆಯದೆ 'ವಿಶೇಷವಿಲ್ಲ' ಎಂದು ಬರೆದರೆ ನಾನು ಏನು ತಿಳಿಯಬೇಕು? ನಿನ್ನ ಕಾಗದಗಳು ಇಷ್ಟು ಗಿಡ್ಡ ಇರುವುದಿಲ್ಲ. ಅವ್ವ ಅದನ್ನು ತಿರುಗಿಸಿ ಹಿಂಭಾಗದಲ್ಲೂ ನೋಡಿದಳು.

ಭೂತಪ್ಪ

*

ಹೊಸನಗರ
೧೦ ಫೆಬ್ರವರಿ ೧೯೮೬

ಪ್ರೀತಿಯ ಅಪ್ಪಯ್ಯನಿಗೆ,

ಈ ಕಾಗದವನ್ನು ಕೂತು ಓದಿ. ಅಂಗಡಿಯಲ್ಲಿ ಗಟ್ಟಿಯಾಗಿ ಓದಬೇಡಿ.

ಅಂಬುತೀರ್ಥದಲ್ಲಿ ಶರಾವತಿ ಇನ್ನೂ ಹೊಳೆಯಾಗಿಲ್ಲ, ಕಲ್ಲಿನ ಸಂದಿಯಿಂದ ಒಸರುವ ಒಂದು ಎಳೆ ನೀರು, ಅಷ್ಟೇ. ಅದಕ್ಕೇ ಬಲೆ ಹಿಡಿದು ಸೀಸೆ ತುಂಬಿಸಿಕೊಂಡೆವು. ಮನೆಗೆ ಬಂದು ಬಟ್ಟಲಿಗೆ ಸುರಿದು ನೋಡಿದರೆ ಅದರಲ್ಲೂ ಹಸಿರು ಎಳೆ! ಸೇತುವೆಯ ಕೆಳಗೆ ಸಿಕ್ಕಷ್ಟೇ ದಟ್ಟವಾಗಿ. ಮೇಷ್ಟ್ರಿಗೆ ಹಿಗ್ಗು. "ಹುಟ್ಟೋವಾಗ್ಲೇ ಪ್ಲಾಸ್ಟಿಕ್ ಹೊತ್ಕಂಡು ಹುಟ್ಟದೆ ನೋಡು ಹೊಳೆ!" ಎಂದು ಪ್ರಬಂಧದ ಮೊದಲ ವಾಕ್ಯವನ್ನು ಅಲ್ಲೇ ಬರೆಸಿದರು. ನಾನು ದುಂಡಗೆ ಬರೆದುಕೊಂಡೆ. ಆದರೆ ಅನುಮಾನ ಬಂತು. ಮನುಷ್ಯರು ಇನ್ನೂ ಮುಟ್ಟದ ನೀರು ಅದು. ಕಲ್ಲಿನೊಳಗೆ ಯಾರು ಪಾತ್ರೆ ತಿಕ್ಕುತ್ತಾರೆ?

ತಿಕ್ಕುವುದು ಎಂಬ ಯೋಚನೆ ಬಂದದ್ದೇ ಎದ್ದು ಹೋಗಿ ಸೀಸೆ ತೊಳೆಯುವ ನಾರನ್ನು ಕೈಗೆತ್ತಿಕೊಂಡು ನೋಡಿದೆ.

ಮೂಕಮ್ಮನವರ ಬಾವಿಯ ನೀರನ್ನು ಕುದಿಸಿ, ಬಲೆಯಲ್ಲಿ ಸೋಸಿ ನೋಡಿದೆ. ಹಸಿರು. ಆಮೇಲೆ ಸೀಸೆ, ಬಟ್ಟಲುಗಳನ್ನು ತೆಂಗಿನ ನಾರು, ಬೂದಿಯಲ್ಲಿ ತೊಳೆದು ಮತ್ತೆ ಅದೇ ಬಾವಿಯ ನೀರನ್ನು ಸೋಸಿದೆ. ಹಸಿರು ಇಲ್ಲ. ಕಂದು ಎಳೆಗಳಿದ್ದವು, ಕಾದ ಸೂಜಿ ಮುಟ್ಟಿಸಿದರೆ ಬೂದಿಯಾದವು. ಇಷ್ಟು ದಿನ ನಾವು ಅಳೆದದ್ದು ಹೊಳೆಯನ್ನಲ್ಲ ಅಪ್ಪಯ್ಯ. ನೀವು ಪ್ರೀತಿಯಿಂದ ಕಳಿಸಿದ ಹಸಿರು ನಾರನ್ನು. ನಾನೇ ದಿನಾ ಉಜ್ಜಿ ಉಜ್ಜಿ ಅದನ್ನು ಸೀಸೆಗಳಿಗೆ ತುಂಬಿದ್ದೇನೆ.

ಹೇಳಿದರೆ ಮೇಷ್ಟ್ರ ಪ್ರಬಂಧ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಇಲ್ಲಿ ಹೇಳಿದ ಮೇಲೆ ನಿಮಗೂ ಹೇಳಲೇಬೇಕು. ಅದಕ್ಕೇ ಎರಡು ಭಾನುವಾರ ಬಾಯಿ ಬಿಡಲಿಲ್ಲ. ಮೂರನೆಯ ಭಾನುವಾರ ಅವರು ಪ್ರಬಂಧದ ಶುದ್ಧಪ್ರತಿ ಕೇಳಿದಾಗ, ಎರಡು ಬಟ್ಟಲು ನೀರನ್ನೂ ಹಸಿರು ನಾರನ್ನೂ ತಂದು ಅವರ ಮುಂದಿಟ್ಟೆ. ಮಾತಾಡಬೇಕೆಂದು ಕಲಿತಿಟ್ಟುಕೊಂಡದ್ದೆಲ್ಲ ಮರೆತುಹೋಯಿತು. "ಇದು ನಮ್ಮಪ್ಪಯ್ಯ ಕಳ್ಸಿದ್ದು ಸಾರ್" ಎಂದಷ್ಟೇ ಅಂದೆ.

ಮೇಷ್ಟ್ರು ಮಸೂರದಲ್ಲಿ ಒಂದು ಬಟ್ಟಲು ನೋಡಿದರು. ಇನ್ನೊಂದನ್ನೂ ನೋಡಿದರು. ನಾರನ್ನು ಬೆರಳಲ್ಲಿ ಎಳೆದು ನೋಡಿದರು. ಜಗಲಿಗೆ ಹೋಗಿ ನನಗೆ ಬೆನ್ನು ಹಾಕಿ ಕೂತರು. ಆ ಬೆನ್ನು ಅಲುಗಾಡತೊಡಗಿದಾಗ ನನಗೆ ಅಳು ಬಂತು. ಹತ್ತಿರ ಹೋದರೆ ನಗುತ್ತಿದ್ದಾರೆ! "ಅಲ್ಲ ಮಾರಾಯ್ತಿ, ಎಂತ ಮಾನ ಉಳ್ಸಿದ್ಯೇ! ಮೈಸೂರಲ್ಲಿ ಯಾರಾದ್ರೂ ಬಾಟ್ಲಿ ಎಂತದ್ರಲ್ಲಿ ತೊಳಿತೀರಿ ಅಂತ ಕೇಳಿದ್ರೆ ನನ್ ಗತಿ?" ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡರು. "ಮೊದ್ಲಿಂದ ಮಾಡನ. ಇರೋ ದಿನದಲ್ಲಿ ಎಷ್ಟಾದ್ರೆ ಅಷ್ಟು," ಅಂದರು.

ಮೊದಲಿಂದ ಮಾಡುತ್ತಿದ್ದೇವೆ. ನಿಮಗೆ ಬೇಜಾರಾಗಿದ್ದರೆ ಬೇಜಾರಾಗಿದೆ ಎಂದೇ ಬರೆಯಿರಿ.

ನಿಮ್ಮ
ಪುಷ್ಪಾ

*

ಸಾಗರ
೩ ಮಾರ್ಚ್ ೧೯೮೬

ಪುಷ್ಪಾ ಮಗ,

ನಾನು ಅವ್ವ. ಕೈ ಅಕ್ಷರ ನೋಡಿ ನಗಬೇಡ, ಬರೆದು ಬಹಳ ವರ್ಷ ಆತು. ನಿನ್ ಅಪ್ಪಯ್ಯ ಕಾಗದ ಹಾಕಿಲ್ಲ ಅಂತ ಕಾಯ್ತಾ ಇರ್ತೀಯ ಅಂತ ಬರೀತಿದೀನಿ. ಆರಾಮಾಗಿದಾರೆ. ಆದ್ರೆ ಮಾತು ಕಮ್ಮಿ ಆಗದೆ. ಈಗ ಮನೇಲಿ ನೀನು ಇದ್ದಂಗೇ ಅನ್ನಿಸ್ತದೆ ನಂಗೆ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗ್ಯೋಕೆ ಮುಂಚೆ ನನ್ನ ಬಿಳಿ ಪಿಂಗಾಣಿ ಬಟ್ಟಲಿಗೆ ನೀರು ಹಾಕ್ಕಂಡು ಆ ಹಸಿರು ನಾರು ಉಜ್ತಾರೆ. ಆಮೇಲೆ ಕನ್ನಡಕ ಏರ್ಸಿ ನೋಡ್ತಾರೆ. ಎಂತ ಕಾಣ್ತದೆ ಅಂದ್ರೆ ಹೇಳಲ್ಲ. ಮೊನ್ನೆ ನನ್ನ ಹೊಲಿಗೆ ಸೂಜಿ ಕಾಯ್ಸಿ ಕೈ ಸುಟ್ಕಂಡ್ರು. ಸುಣ್ಣ ಹಚ್ಚಿದೀನಿ. ಹಿಂಗೆಲ್ಲ ಮಾಡೋರು ಸಿಟ್ಟಲ್ಲಿ ಇರಲ್ಲ ಮಗ, ಸ್ವಲ್ಪ ದಿನ ಬಿಡು.

ಹೂವಮ್ಮ

*

ಸಾಗರ
೧೬ ಮಾರ್ಚ್ ೧೯೮೬

ಮಗಳು ಪುಷ್ಪಾಗೆ,

ಅವ್ವ ಗುಟ್ಟಾಗಿ ಕಾಗದ ಹಾಕಿದ್ದು ಗೊತ್ತಾಯಿತು. ಅಂಚೆ ಚೀಟಿ ನನ್ನ ಗಲ್ಲಾದ್ದು.

ಬೇಜಾರಾಗಿದ್ದರೆ ಬರೆಯಿರಿ ಅಂತ ನೀನು ಬರೆದಿದ್ದೆ. ಆಗಿತ್ತು. ನಾರು ಚೂರು ಬಿಡುತ್ತದೆ ಅಂತ ಅಲ್ಲ. ಅದನ್ನು ಕಣ್ಣಾರೆ ನೋಡಿದೆ, ನಿಜ. ಜಟ್ಟಿಂಗಪ್ಪ ಬಂದು, "ಎಂತ ಭೂತಪ್ಪ, ಬೆಳ್ಗಾ ಮುಂಚೆ ಬಟ್ಲಲ್ಲಿ ಪಾಯ್ಸಾನಾ?" ಅಂತ ಬಗ್ಗಿದ. ತೋರಿಸಿದೆ. ಅವನೂ ನೋಡಿದ. "ಹಂಗಾರೆ ನಾವು ಅನ್ನದ ಜತೀಗೆ ಇದ್ನೂ ಉಣ್ತೀವಾ?" ಅಂದ. ಅಂಗಡಿ ಇಟ್ಟ ಮೇಲೆ ಗಿರಾಕಿಯ ಮುಂದೆ ನಾನು ತೊದಲಿದ್ದು ಅದೇ ಮೊದಲು. ನಿನ್ನ ನೆನಪಾಯಿತು.

ನನಗೆ ಬೇಜಾರಾದದ್ದು ಬೇರೆ. ಇಷ್ಟು ದೊಡ್ಡದು ಮನಸ್ಸಿನಲ್ಲಿಟ್ಟುಕೊಂಡು 'ವಿಶೇಷವಿಲ್ಲ' ಅಂತ ಬರೆದೆಯಲ್ಲ, ನಾನೇನು ಗಿರಾಕಿನೇನೆ, ಮುಖ ನೋಡಿ ಮಾತು ನುಂಗೋಕೆ? ಮೇಷ್ಟ್ರಿಗೆ ಹೇಳಿದ ಮೇಲೆ ನನಗೆ ಹೇಳಿದ್ದು. ಇನ್ನು ಮುಂದೆ ಮೊದಲು ನನಗೆ ಹೇಳಬೇಕು.

ನಾರು ಮಾರುವುದು ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಅದರ ಪಕ್ಕದಲ್ಲೇ ತೆಂಗಿನ ನಾರನ್ನೂ ನೇತುಹಾಕಿದ್ದೇನೆ. ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ಬಟ್ಟಲು ತೋರಿಸುತ್ತೇನೆ. ಅವ್ವ ತನ್ನ ಬಟ್ಟಲು ವಾಪಸ್ಸು ಕೇಳುತ್ತಿದ್ದಾಳೆ.

ಹೊಳೆಯಲ್ಲಿ ನಿಜವಾಗಿ ಎಷ್ಟಿದೆ? ಅದನ್ನು ಬರಿ. ತುಮರಿ ಕಡೆಯ ಹಿನ್ನೀರಿಗೂ ಬಲೆ ತನ್ನಿ. ಹೊಳೆಬಾಗಿಲಿನಲ್ಲಿ ಲಾಂಚಿನವರೆಲ್ಲ ನನಗೆ ಗೊತ್ತು. ನಾನೂ ಬರುತ್ತೇನೆ.

ನಿನ್ನ ಅಪ್ಪಯ್ಯ
ಭೂತಪ್ಪ

*

ಹೊಸನಗರ
೨೦ ಏಪ್ರಿಲ್ ೧೯೮೬

ಪ್ರೀತಿಯ ಅವ್ವನಿಗೆ,

ಈ ಕಾಗದ ನಿನಗೆ. ಅಪ್ಪಯ್ಯ ಲಾಂಚಿನ ಕಥೆಯನ್ನು ತಮ್ಮದೇ ರೀತಿಯಲ್ಲಿ ಹೇಳಿರುತ್ತಾರೆ, ಅದರಲ್ಲಿ ಗಾಳಿ ಸ್ವಲ್ಪ ಜಾಸ್ತಿ ಬೀಸಿರುತ್ತದೆ. ನಾನು ನೋಡಿದ್ದು ಹೀಗೆ.

ಅದಕ್ಕೆ ಮುಂಚೆ ಒಳ್ಳೆಯ ಸುದ್ದಿ. ಮೈಸೂರಿನಲ್ಲಿ ಮೇಷ್ಟ್ರು ನಮ್ಮ ತಪ್ಪನ್ನೇ ಮೊದಲು ಹೇಳಿದರಂತೆ. ಸಭೆ ನಕ್ಕಿತಂತೆ. ಆಮೇಲೆ ಕಡಲ ತೀರದಿಂದ ಬಂದ ಹಿರಿಯರೊಬ್ಬರು ಎದ್ದು, ತಮ್ಮ ಸೀಸೆಗಳನ್ನು ಎಂತದರಲ್ಲಿ ತೊಳೆಯುತ್ತಾರೆಂದು ಈವರೆಗೆ ಯೋಚಿಸಿಯೇ ಇಲ್ಲ ಎಂದು ಕೂತರಂತೆ. ಎರಡನೆಯ ಸಲ ಸೋಸಿದಾಗ ನಮಗೆ ಸಿಕ್ಕಿದ್ದು ಬಹಳ ಕಡಿಮೆ. ಅಂಬುತೀರ್ಥದಲ್ಲಿ ಏನೂ ಇಲ್ಲ. ಸೇತುವೆಯ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಅಪರೂಪಕ್ಕೊಂದು ನೀಲಿ ಚೂರು. ಇಷ್ಟು ಕಡಿಮೆ ಇರುವಾಗಲೇ ಅಳೆದಿಟ್ಟರೆ ಮುಂದಿನವರಿಗೆ ಉಪಯೋಗ ಎಂದು ಮಳೆಗಾಲ ಕಳೆದ ಮೇಲೆ ಇನ್ನೊಂದು ವರ್ಷಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಅಂಗಡಿಯ ಸ್ಟೂಲನ್ನು ಬೇರೆ ಯಾರಿಗಾದರೂ ಕೊಡಬಹುದು.

ಹೊಳೆಬಾಗಿಲಿಗೆ ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮೇಷ್ಟ್ರನ್ನು ನೋಡಿದ ಕೂಡಲೇ, "ನಿಮ್ಮ ಪ್ರಬಂಧ ಹಾಳು ಮಾಡ್ದೋನು ನಾನೇ ಸಾರ್" ಎಂದು ಕೈ ಮುಗಿದರು. ಮೇಷ್ಟ್ರು, "ಹಾಳಾಗಿದ್ದಕ್ಕೇ ಮೈಸೂರಲ್ಲಿ ಚಪ್ಪಾಳೆ ಬಿತ್ತು ಮಾರಾಯ್ರೆ" ಅಂದರು. ಆಮೇಲೆ ಅವರಿಬ್ಬರೇ ಮಾತಾಡಿದರು, ನನಗೆ ಆರಾಮಾಯಿತು.

ನಡುನೀರಿನಲ್ಲಿ ಲಾಂಚು ನಿಧಾನ ಮಾಡಿದಾಗ ಬಲೆಯನ್ನು ಅಪ್ಪಯ್ಯನೇ ಹಿಡಿದರು. ತುಮರಿಯ ಹೆಂಗಸರು ಹಳದಿ ಕೊಡಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. "ಭೂತಪ್ಪಣ್ಣ, ಮೀನಿನ ವ್ಯಾಪಾರಕ್ಕೆ ಇಳಿದ್ರಾ?" ಎಂದು ಒಬ್ಬಾಕೆ ಕೇಳಿದಳು. "ಇಲ್ಲ ಗುತ್ಯಮ್ಮ, ಹಳೇ ಬಾಕಿ ವಸೂಲಿ" ಅಂದರು. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಆಚೆ ದಡಕ್ಕೆ ಬಂದು, ತೆಂಗಿನ ನಾರಿನಲ್ಲಿ ತೊಳೆದ ಬಟ್ಟಲಿಗೆ ಸೀಸೆಯ ನೀರು ಸುರಿದೆ. ಎಲೆಯ ತುಣುಕು, ಒಂದು ನೀರುಹುಳ. ಏನೂ ಇಲ್ಲವೆಂದು ಅಪ್ಪಯ್ಯನ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಹಳದಿ ಚೂರು ತಿರುಗಿತು. ಮಸೂರವನ್ನು ಅವರ ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದರು. ಹಳದಿಯ ಮೇಲೆ ಒಂದು ಬಿಳಿ ಗೆರೆ, ನಮ್ಮ ಅಂಗಡಿಯ ಕೊಡದ ಬಾಯಿಗೆ ಇರುತ್ತದಲ್ಲ, ಅದೇ. ತಲೆಯೆತ್ತಿ ದಿಬ್ಬ ಹತ್ತುತ್ತಿದ್ದ ಹೆಂಗಸರ ಸೊಂಟದ ಕೊಡಗಳನ್ನು ನೋಡಿದರು. ಮತ್ತೆ ಬಟ್ಟಲಿಗೆ ಬಗ್ಗಿದರು.

"ನಮ್ದೇ," ಅಂದರು.

"ಬೇರೆಯವ್ರದ್ದೂ ಇರ್ಬೋದು ಅಪ್ಪಯ್ಯ," ಅಂದೆ.

"ಹಳದೀನ ಈ ಕಡೆ ನಾನೊಬ್ನೇ ಮಾರೋದು ಕಣೇ. ಚೀಟಿ ಕೊಡಿಲ್ಲಿ."

ಜೇಬಿನಿಂದ ಪೆನ್ನು ತೆಗೆದರು, ನಾನು ಪೆನ್ಸಿಲು ಕೊಟ್ಟೆ. ಮೊಣಕಾಲ ಮೇಲೆ ಚೀಟಿ ಇಟ್ಟುಕೊಂಡು, ನಾಲಿಗೆ ಕಚ್ಚಿ, ಒತ್ತಿ ಒತ್ತಿ ಬರೆದರು. ಜಾಗ: ಹೊಳೆಬಾಗಿಲು, ನಡುನೀರು. ತಾರೀಕು ಬರೆದರು. ಬಲೆ ಹಿಡಿದವರು: ಭೂತಪ್ಪ. ಅಷ್ಟು ಸಾಕು ಎಂದು ಮೇಷ್ಟ್ರು ಕೈ ಚಾಚಿದರು. ಅಪ್ಪಯ್ಯ ಕೊಡಲಿಲ್ಲ. ಇನ್ನೊಮ್ಮೆ ಬಟ್ಟಲನ್ನು ನೋಡಿ, ಜಾಗ ಸಾಲದೆ ಅಕ್ಷರಗಳನ್ನು ಇರುವೆ ಸಾಲಿನಷ್ಟು ಸಣ್ಣದು ಮಾಡುತ್ತಾ, ಚೀಟಿಯ ಅಂಚು ಮುಗಿಯುವ ತನಕ ಬರೆದರು.

ಸೀಸೆ ಈಗ ನನ್ನ ಮೇಜಿನ ಮೇಲಿದೆ. ಮೂಕಮ್ಮ ಬೆಳಕಿಗೆ ಹಿಡಿದು ನೋಡಿ, ಒಳಗೆ ಎಂತದೂ ಕಾಣುವುದಿಲ್ಲ, ಚೀಟಿ ಮಾತ್ರ ಚೆನ್ನಾಗಿದೆ ಅಂದರು. ಚೀಟಿಯ ಕೊನೆಯಲ್ಲಿ ಹೀಗಿದೆ: 'ಪ್ರೊಪ್ರೈಟರ್, ನವನವೀನ ಪ್ಲಾಸ್ಟಿಕ್ ಸ್ಟೋರ್ಸ್, ಸಾಗರ.'

ನಿನ್ನ
ಪುಷ್ಪಾ